ಗಾಳಿಯೋ, ನೀರೋ

ಕಡಲೆಕಾಳಷ್ಟು ಸಾಕು, ಜಾಸ್ತಿ ಹಾಕಿದ್ರೆ ಅಂಚಿಂದ ಹೊರಗೆ ಬರುತ್ತೆ ಅಂದಿದ್ದ ಕಂಪ್ಯೂಟರ್ ಅಂಗಡಿಯವನು, ಶಾಖ ದಾಟಿಸುವ ಈ ಬೂದು ಬಣ್ಣದ ಪೇಸ್ಟು ಪ್ರೊಸೆಸರಿನ ಬೆನ್ನ ಮೇಲೆ ಕೂತಿದೆ, ಕಡಲೆಕಾಳೋ ಅವರೆಕಾಳೋ, ಯಾವ ಜಾತಿಯ ಕಡಲೆ ಎಂದು ಕೇಳಬೇಕಿತ್ತು — ಡಾಕ್ಟರೂ ಹಾಗೇ ಅಂದಿದ್ದರು, ಮುಲಾಮು ಕಡಲೆಕಾಳಷ್ಟು ತಗೊಳ್ಳಿ, ಮೆತ್ತಗೆ ಸವರಿ, ಉಜ್ಜಬೇಡಿ, ನಾನು ಬೆರಳ ತುದಿಯಿಂದ ಸವರುವಾಗ ಇವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಆಪರೇಷನ್ನಿನ ಹೊಲಿಗೆಯ ಗುರುತು ಇನ್ನೂ ಎಳೆಗೆಂಪು, ಅದರ ಕೆಳಗೇ ಗಂಟಲ ಕುಳಿ, ಮಾತಾಡಲು ಹೊರಟರೆ ಮೊದಲು ಆ ಕುಳಿ ಒಳಗೆ ಎಳೆದುಕೊಳ್ಳುತ್ತದೆ, ಒಂದು ಕ್ಷಣ ಹಾಗೇ ನಿಲ್ಲುತ್ತದೆ, ಆಮೇಲೆ ಬರುವುದು ಬರೀ ಗಾಳಿ. ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ನನ್ನ ಗಂಡನ ಗಂಟಲು ಇದು, ಒಂದ್ಸಲ ಎರಡ್ಸಲ ಅಂದರೆ ಟೊಮೆಟೊ ರಾಶಿಯ ಆಚೆ ಲಾರಿಯಲ್ಲಿ ಗೊರಕೆ ಹೊಡೆಯುತ್ತಿದ್ದವನೂ ಎದ್ದು ಕೂರುತ್ತಿದ್ದ, ಮನೆಗೆ ಬಂದ ಮೇಲೂ ದನಿ ಇಳಿಸಲು ಮರೆತು ಇವಳೇ, ನೀರು ಕೊಡು ಅಂದರೆ ಪಕ್ಕದ ಮನೆಯಾಕೆ ಅಲ್ಲಿಂದಲೇ ಓ ಅಂದುಬಿಡುತ್ತಿದ್ದಳು — ಮದುವೆಯಾದಾಗಿನಿಂದ ನಾನು ಇವಳೇ, ಹೆಸರು ಹಿಡಿದು ಕರೆದವರಲ್ಲ, ಮೊದಮೊದಲು ಉರಿದುಹೋಗುತ್ತಿತ್ತು, ನನಗೇನು ಹೆಸರಿಲ್ವಾ ಅಂತ, ಈಗ ಆ ಇವಳೇ ಇಲ್ಲದೆ ಮನೆ ಬಣಬಣ. ಬಾಗಿಲಾಚೆಯಿಂದ ಇವರು ಕರೆದರೆ ನನಗೆ ಕೇಳಬೇಕು, ಈ ಇಡೀ ಕಂಪ್ಯೂಟರನ್ನು ಕೈಯಾರೆ ಜೋಡಿಸುತ್ತಿರುವುದು ಅದೊಂದಕ್ಕೇ.

ಪ್ರೊಸೆಸರನ್ನು ತಣ್ಣಗಿಡುವ ಕೂಲರನ್ನು ಅದರ ಮೇಲೆ ನೇರವಾಗಿ ಇಳಿಸಬೇಕು, ಒಂದು ಮೂಲೆ ಮೊದಲು ತಾಗಿದರೆ ಪೇಸ್ಟೆಲ್ಲ ಒಂದೇ ಕಡೆ ಓಡುತ್ತದೆ, ಅಬ್ಬಾ, ಇಟ್ಟಿಗೆಯ ಭಾರ ಇದೆ, ತಾಮ್ರದ ಕೊಳವೆಗಳು, ತೆಳ್ಳನೆ ತಗಡುಗಳು, ಪಕ್ಕದಲ್ಲಿ ಅಂಗೈಗಿಂತ ದೊಡ್ಡ ಫ್ಯಾನು, ಇದನ್ನು ಆರಿಸಲು ಪಟ್ಟ ಪಾಡು ನನಗೇ ಗೊತ್ತು — ಇಂಜಿನಿಯರುಗಳು ನಕ್ಷೆ ಕಳಿಸುತ್ತಾರೆ, ಇನ್ನೂ ಕಟ್ಟದ ಮನೆಗೆ ಕಿಟಕಿಯಿಂದ ಬಿಸಿಲು ಬೀಳಿಸಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ, ಆ ಬಿಸಿಲು ಲೆಕ್ಕ ಹಾಕುವಷ್ಟರಲ್ಲಿ ಹಳೆಯ ಕಂಪ್ಯೂಟರು ಕಾದ ಹಂಚು, ಅದರ ಫ್ಯಾನು ಹಿಟ್ಟಿನ ಗಿರಣಿ, ಅದರ ಮುಂದೆ ಇವರ ದನಿ ಎಲ್ಲಿಯದು, ಇವರದೂ ಗಾಳಿ ಅದರದೂ ಗಾಳಿ, ಗಾಳಿಯಲ್ಲಿ ಗಾಳಿ ಕಲಸಿಹೋಗುತ್ತದೆ. ಗಂಟೆ ತಂದುಕೊಟ್ಟೆ, ಬೇಕಾದಾಗ ಬಾರಿಸಿ ಅಂತ. ಕಿವಿಯ ಹತ್ತಿರ ಬಂದು, ನಾನೇನು ಹಸುನಾ, ಕುತ್ತಿಗೆಗೆ ಕಟ್ಕೊಂಡು ಓಡಾಡ್ಲಾ ಅಂದರು. ದನಿ ಹೋದರೂ ಕೊಬ್ಬು ಹೋಗಿಲ್ಲ ನೋಡಿ. ದನಿ ತಿದ್ದುವ ಮೇಡಂ ಬಂದು ದಿನಾ ಅಭ್ಯಾಸ ಮಾಡಿ, ಸ್ವಲ್ಪ ಸ್ವಲ್ಪ ಬರುತ್ತೆ ಅಂದರೆ, ಈ ವಯಸ್ಸಲ್ಲಿ ಅಆಇಈ ಹೇಳ್ಲಾ ಅಂತ ಮುಖ ತಿರುಗಿಸಿಬಿಟ್ಟರು, ಒಂದು ದಿನವೂ ಮಾಡಿದ್ದು ನಾ ಕಾಣೆ, ಅದೇ ನನ್ನ ಹೊಟ್ಟೆಯೊಳಗಿನ ಕಿಚ್ಚು. ಸದ್ದಿಲ್ಲದ ಕೂಲರ್ ತರ್ತೀನಿ ಅಂದರೆ ಅದೂ ಬೇಡ, ಇರೋದೇ ಇರ್ಲಿ, ಆ ಸದ್ದಿದ್ರೇನೇ ನನಗೆ ಮಧ್ಯಾಹ್ನ ನಿದ್ದೆ — ಎತ್ತು ಏರಿಗೆ, ಕೋಣ ನೀರಿಗೆ.

ನೀರು ಅಂದರೆ ಅಂಗಡಿಯವನದೂ ಅದೇ ರಾಗ, ಮೇಡಂ, ನೀರಿಂದು ತಗೊಳ್ಳಿ, ಪೈಪಲ್ಲಿ ನೀರು ಓಡಾಡ್ಕೊಂಡು ಬಿಸಿನೆಲ್ಲ ಹೊತ್ಕೊಂಡು ಹೋಗುತ್ತೆ, ಬಣ್ಣಬಣ್ಣದ ಲೈಟ್ ಬೇರೆ. ಆ ನೀರನ್ನ ತಣ್ಣಗೆ ಮಾಡೋರು ಯಾರಪ್ಪಾ ಅಂದೆ. ಅದಕ್ಕೆ ಫ್ಯಾನ್ ಇದೆಯಲ್ಲ ಮೇಡಂ. ಅಲ್ಲಿಗೆ ಅಳಿಯ ಅಲ್ಲ ಮಗಳ ಗಂಡ, ನೀರಾದರೂ ಕೊನೆಗೆ ಬೀಸಬೇಕಾದ್ದು ಫ್ಯಾನೇ, ಮೇಲೆ ಪಂಪೊಂದು. ಎರಡನ್ನೂ ಓಡಿಸಿ ತೋರಿಸಪ್ಪ, ಆಮೇಲೆ ಆ ಗೋಡೌನ್ ಬಾಗಿಲ ಹಿಂದೆ ನಿಂತ್ಕೊಂಡು ಪಿಸುದನಿಯಲ್ಲಿ ಇವಳೇ ಅಂತ ಕರಿ ಅಂದೆ. ಅವನ ಮುಖ ನೋಡಬೇಕಿತ್ತು, ಅಯ್ಯೋ ಮೇಡಂ, ನಿಮ್ಮನ್ನ ನಾನು ಹಂಗೆ ಹೆಂಗೆ ಕರೀಲಿ, ಅಕ್ಕಾ ಅಂತೀನಿ ಬಿಡಿ. ಅಕ್ಕ ಆಗಲ್ಲ, ಇವಳೇನೇ ಆಗಬೇಕು. ಪಾಪ, ಕಿವಿ ಕೆಂಪಗೆ ಮಾಡಿಕೊಂಡು ಹೋಗಿ ಕರೆದ. ಪಂಪಿನ ಪಕ್ಕ ಕೂತರೆ ಸೊಳ್ಳೆಯ ಹಾಗೆ ಸಣ್ಣಗೆ ಗುಂಯ್, ಬಿಡುವೇ ಇಲ್ಲ, ಕರೆದದ್ದು ಅದರಡಿ ಸತ್ತುಹೋಯಿತು, ಈ ದೊಡ್ಡ ಫ್ಯಾನು ಸೋಮಾರಿಯಂತೆ ತಿರುಗುತ್ತಿತ್ತು, ಅದರ ಪಕ್ಕ ಕೂತೆ, ಇವಳೇ ಅಂತ ಸ್ಪಷ್ಟ ಕೇಳಿತು, ಇದೇ ಕೊಡಪ್ಪ ಅಂದೆ, ಕಣ್ಣು ಒರೆಸಿಕೊಂಡದ್ದನ್ನು ಅವನು ನೋಡಿದನೋ ಏನೋ.

ಸ್ಕ್ರೂ ಕೂತವು, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ, ವೈರು ಸಿಕ್ಕಿಸಿದೆ, ಗುಂಡಿ ಒತ್ತಿದೆ — ಇದೇನಿದು, ಶಾಖ ಏರುತ್ತಿದೆ, ಸೋಮಾರಿ ಫ್ಯಾನು ಕೆರಳಿ ಗರ್ರೆಂದು ಎದ್ದಿತು, ಹಳೆಯದಕ್ಕಿಂತ ಜೋರು, ಅಂಗಡಿಯವನು ಟೋಪಿ ಹಾಕಿದನಾ, ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ಏನೋ ಹೇಳುತ್ತಿದ್ದಾರೆ, ಕುಳಿ ಒಳಗೆ ಎಳೆದುಕೊಂಡಿತು, ನಿಂತಿತು, ತುಟಿ ಆಡಿತು, ಏನ್ರೀ, ಕೇಳಿಸ್ತಿಲ್ಲ, ಏನು, ಎನ್ನುತ್ತ ನಾನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ್ದೇ ತಡ ಬೆನ್ನಿಗೆ ಮೆತ್ತಗೆ ಏನೋ ಬಡಿಯಿತು, ಇವರ ಕಾಲುಚೀಲ, ಉಂಡೆ ಮಾಡಿ ಎಸೆದಿದ್ದಾರೆ. ಮೇನ್ ಸ್ವಿಚ್ಚು ಆರಿಸಿದೆ. ಹತ್ತಿರ ಬಂದು ಕಿವಿಗೆ ಬಾಯಿಟ್ಟು, ಕೂಲರಿನ ಅಡಿಗೆ ಅಂಟಿಸಿರೋ ಪ್ಲಾಸ್ಟಿಕ್ ಕಿತ್ಯಾ ಅಂದರು. ಕಿತ್ತಿರಲಿಲ್ಲ. ಬಿಚ್ಚಿ ನೋಡಿದರೆ ತಾಮ್ರದ ಮೇಲೆ ಹಾಳೆ ಹಾಗೇ ಇದೆ, ಅದರ ಮೇಲೆ ಕೆಂಪಕ್ಷರದಲ್ಲಿ ಮೊದಲು ಇದನ್ನು ತೆಗೆಯಿರಿ ಎಂದೂ ಇದೆ, ನಾನು ಹಾಕಿದ ಪೇಸ್ಟೆಲ್ಲ ಅದಕ್ಕೇ ಚೆನ್ನಾಗಿ ಮೆತ್ತಿಕೊಂಡಿದೆ. ಇವರು ನಗುತ್ತಾರೆ, ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ, ನಗಿ ನಗಿ, ಎಷ್ಟು ದಿನವಾಯಿತು ಹೀಗೆ ನಕ್ಕು. ಎಲ್ಲ ಒರೆಸಿದೆ, ಹೊಸ ಪೇಸ್ಟು ಹಾಕಿದೆ, ಕೂರಿಸಿದೆ, ಬಿಗಿದೆ, ನಿನ್ನ ಕೆಲಸ ನೋಡ್ಕೊ, ನಾನು ಒಂದು ನಿದ್ದೆ ಹೊಡೀತೀನಿ ಎಂದು ಇವರು ಎಂದಿನಂತೆ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಮತ್ತೆ ಸ್ವಿಚ್ಚು ಹಾಕಿದೆ, ಫ್ಯಾನು ಓಡುತ್ತಿದೆಯೋ ಇಲ್ಲವೋ ಎಂದೇ ತಿಳಿಯುತ್ತಿಲ್ಲ, ಹಿಂದೆ ಕೈಯಿಟ್ಟರೆ ಬೆಚ್ಚಗೆ ಗಾಳಿ, ತೆರೆಯ ಮೇಲೆ ಯಾರದೋ ಇನ್ನೂ ಕಟ್ಟದ ಮನೆಯ ನೆಲಕ್ಕೆ ಬಿಸಿಲು ಬೀಳುತ್ತಿದೆ, ಶಾಖ ಮೇಲೇರದೆ ಒಂದೇ ಕಡೆ ನಿಂತಿದೆ, ಗೆದ್ದೆ ಕಣೇ, ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತದೆ, ಗಡಿಯಾರ ಕೇಳುತ್ತದೆ, ಮತ್ತೆ — ಇವಳೇ. ಕರೆದರು! ಬಂದೆ ಅನ್ನಬೇಕು, ಬಾಯಿ ತೆರೆದೆ, ಅಷ್ಟರಲ್ಲಿ ಇನ್ನೊಮ್ಮೆ, ಇ, ಇವ, ಇವಳೇ, ಇದು ಕರೆಯುವ ರೀತಿಯಲ್ಲವಲ್ಲ, ಎದ್ದು ಹೋದೆ, ಬಾಗಿಲ ಸಂದಿಯಲ್ಲಿ ಕಂಡದ್ದು ಇವರ ಕನ್ನಡಿ, ಕನ್ನಡಿಯಲ್ಲಿ ಇವರು, ಮಂಚದ ಅಂಚಿಗೆ ಕೂತು, ಮೇಡಂ ಹೇಳಿಕೊಟ್ಟ ಹಾಗೇ ಎರಡು ಬೆರಳು ಗಂಟಲಿಗೆ, ಇ, ಈ, ಇವಳೇ, ಛೆ ಎಂದು ತಲೆಯಾಡಿಸುತ್ತಾರೆ, ನೀರು ಗುಟುಕರಿಸುತ್ತಾರೆ, ಮತ್ತೆ, ಇವಳೇ. ನಿದ್ದೆಯಂತೆ ನಿದ್ದೆ. ದಿನಾ ಮಧ್ಯಾಹ್ನ ಆ ಗಿರಣಿಯ ಸದ್ದನ್ನು ಅಡ್ಡ ಇಟ್ಟುಕೊಂಡು ಇದನ್ನೇ ಮಾಡುತ್ತಿದ್ದರಾ, ಸರಿಯಾಗಿ ಬಂದ ಮೇಲೆ ಒಂದು ದಿನ ನನ್ನನ್ನು ಕೂಗಿ ದಂಗುಬಡಿಸೋಣ ಅಂತ, ಮಂಡಿಯನ್ನೇ ನಡುಗಿಸಿದವರು ಒಡೆದ ದನಿ ಹೆಂಡತಿಗೆ ಕೇಳಬಾರದು ಅಂತ, ಅಯ್ಯೋ ನನ್ನಪ್ಪಾ, ನಾನು ಹುಡುಕಿ ಹುಡುಕಿ ತಂದು ನಿಮ್ಮ ಪರದೆಯನ್ನೇ ಕಿತ್ತುಹಾಕಿದೆನಲ್ಲ. ಬೆರಳ ಮೇಲೆ ನಡೆದು ವಾಪಸು ಬಂದೆ, ಕೂತೆ, ತೆರೆಯ ಮೇಲೆ ಫ್ಯಾನಿನ ವೇಗದ ಗೆರೆ, ಮೌಸಿನಿಂದ ಮೇಲಕ್ಕೆ ಎಳೆದೆ, ಇನ್ನೂ ಸ್ವಲ್ಪ, ಗಾಳಿ ಎದ್ದಿತು, ಗಡಿಯಾರ ಹೋಯಿತು, ನಲ್ಲಿ ಹೋಯಿತು, ಇವಳೇ ಹೋಯಿತು, ಕೂಗಿ ಈಗ, ಎಷ್ಟು ಬೇಕಾದರೂ ಕೂಗಿ, ನನಗೇನೂ ಕೇಳಿಸುತ್ತಿಲ್ಲ, ಬಿಸಿಲು ನೋಡುತ್ತಾ ಕೂತಿದ್ದೇನೆ, ಬಿಸಿಲೂ ಕಾಣುತ್ತಿಲ್ಲ, ಕಾಣುವುದು ಆ ಕುಳಿ, ಎರಡು ಬೆರಳಿನ ಕೆಳಗೆ, ಒಳಗೆ ಎಳೆದುಕೊಳ್ಳುತ್ತದೆ, ನಿಲ್ಲುತ್ತದೆ, ಎಳೆದುಕೊಳ್ಳುತ್ತದೆ, ನಿಲ್ಲುತ್ತದೆ —