ತೂತುಗಳ ಮೇಲೆ ಕರಿ ಬಣ್ಣ

ಸ್ಕ್ರೂಡ್ರೈವರ್ ಹಿಡಿಕೆಯ ತನಕ ಒಳಗೆ ಹೋಯಿತು.

“ತೆಗೀಬ್ಯಾಡ ತಮ್ಮಾ, ಹಂಗ ಇರಲಿ,” ಎಂದ ಶಂಕ್ರೆಪ್ಪ. ಅವನೂ ಅನೀಶನ ಪಕ್ಕದಲ್ಲೇ ಟೆಂಪೋದಡಿ ಅಂಗಾತ ಮಲಗಿದ್ದ. “ತೆಗದ್ರ ಬಾಜೂದ್ದೂ ಉದರತೈತಿ.”

ಅನೀಶ ತೆಗೆದ. ಗಾಡಿಯನ್ನು ಹೊರುವ ಚೌಕಟ್ಟಿನ, ಚಾಸಿಯ, ಅಂಗೈ ಅಗಲದ ತುಂಡು ತುಕ್ಕಿನ ಹಪ್ಪಳವಾಗಿ ಅವನ ಮುಖದ ಮೇಲೆ ಬಿತ್ತು. ಇಬ್ಬರೂ ನಕ್ಕರು. ಹಿಂದಿನ ಚಕ್ರದ ಕಮಾನು ಪಟ್ಟಿ ಕೂರುವ ಜಾಗ ಅದು. ಗಾಡಿಯ ಭಾರವೆಲ್ಲ ಬೀಳುವುದು ಅಲ್ಲಿಯೇ.

ಡೊಂಬಿವಲಿಯಲ್ಲಿ ಅನೀಶನ ತಂದೆ ಮುರಾರಿಯದು ಸಸ್ಯಾಹಾರಿ ಹೋಟೆಲು. ವಿಜಯಪುರ ಕಡೆಯ ಶಂಕ್ರೆಪ್ಪ ಹದಿನೆಂಟು ವರ್ಷಗಳಿಂದ ಆ ಟೆಂಪೋದಲ್ಲಿ ದಿನಾ ಬೆಳಗ್ಗೆ ಕಲ್ಯಾಣದ ಮಾರ್ಕೆಟ್ಟಿನಿಂದ ತೆಂಗಿನಕಾಯಿ, ತರಕಾರಿ ತರುತ್ತಿದ್ದ. ಅನೀಶ ಶಾಲೆಗೆ ಹೋದದ್ದೂ ಅದರಲ್ಲೇ, ಬಟಾಟೆ ಚೀಲದ ಮೇಲೆ ಕೂತು. ಅಷ್ಟು ಮಳೆಗಾಲ ಗಟಾರದ ನೀರಲ್ಲಿ ನಿಂತ ಗಾಡಿ. ಮೇಲೆ ಬಣ್ಣ, ಒಳಗೆ ಗೆದ್ದಲು ತಿಂದ ಹಾಗೆ.

“ಗುಜರಿಗೆ ಹಾಕುವ ಮಾರಾಯಾ,” ಎಂದರು ಮುರಾರಿ.

“ನಾನೇ ವೆಲ್ಡ್ ಮಾಡ್ತೇನೆ ಪಪ್ಪಾ.”

“ನೀನಾ? ಮನೆಯ ಸಿಲಿಂಡರಿಗೆ ರೆಗ್ಯುಲೇಟರ್ ಹಾಕ್ಲಿಕ್ಕೆ ಬರ್ತದಾ ನಿನಗೆ?”

ಅಡಿಗೆಮನೆಯವರೆಲ್ಲ ನಕ್ಕರು. ದೋಸೆ ಹುಯ್ಯುವವನು ಸಟ್ಟುಗ ಹಿಡಿದುಕೊಂಡೇ ನಕ್ಕ. ಬೇಲಾಪುರದ ಆಫೀಸಿನಲ್ಲಿ ದಿನಕ್ಕೆ ಒಂಬತ್ತು ತಾಸು ಕೀಲಿಮಣೆ ಒತ್ತುವ ಅನೀಶನಿಗೆ ತನ್ನ ಎರಡು ಕೈಗಳು ತನ್ನವಲ್ಲ, ಬಾಡಿಗೆಗೆ ತಂದವು ಅನ್ನಿಸಿತು.

ಉಲ್ಹಾಸನಗರಕ್ಕೆ ಹೋಗಿ ಮಿಗ್ ವೆಲ್ಡಿಂಗ್ ಯಂತ್ರ ಕೊಂಡು ತಂದ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಟ್ಟು, ಮೊಬೈಲನ್ನು ಡಬ್ಬಕ್ಕೆ ಒರಗಿಸಿ, ವೀಡಿಯೋ ನೋಡಿಕೊಂಡು ಶುರುಮಾಡಿದ. ಬಂದೂಕಿನಂಥ ಹಿಡಿಯ ಕುದುರೆ ಒತ್ತಿದರೆ ತಂತಿ ತಾನಾಗಿ ಹೊರಗೆ ಬರುತ್ತದೆ, ಸುತ್ತ ಗ್ಯಾಸು ಹರಡುತ್ತದೆ, ತಂತಿ ಕರಗಿ ಕಬ್ಬಿಣಕ್ಕೆ ಬೆಸೆದುಕೊಳ್ಳುತ್ತದೆ. ಮೊದಲ ದಿನ ಹಕ್ಕಿ ಹಿಕ್ಕೆ ಹಾಕಿದಂತೆ ಬಂತು. ಎರಡನೆಯ ಭಾನುವಾರ ಸಾಲು ನೆಟ್ಟಗಾಯಿತು. ಮುಖವಾಡದ ಕಪ್ಪು ಗಾಜಿನೊಳಗೆ ಆ ಪುಟ್ಟ ಬೆಳಕಿನ ಹೊಂಡವನ್ನು ನೋಡುತ್ತಿದ್ದರೆ ಲೋಕದಲ್ಲಿ ಬೇರೇನೂ ಇಲ್ಲ ಅನ್ನಿಸುತ್ತಿತ್ತು.

ಒಂದೇ ಕಷ್ಟ, ಹೊಗೆ ಮತ್ತು ಸೆಕೆ. ಉಲ್ಹಾಸನಗರದ ವರ್ಕ್‌ಶಾಪುಗಳಲ್ಲಿ ಯಂತ್ರದ ತಂತಿಯ ಬದಲು ವೆಲ್ಡಿಂಗ್ ಕಡ್ಡಿ ಸುಟ್ಟು ಬೆಸೆಯುವವರ ಪಕ್ಕ ದೊಡ್ಡ ಫ್ಯಾನು ತಿರುಗುವುದನ್ನು ಅವನು ನೋಡಿದ್ದ. ಹೋಟೆಲಿನ ಫ್ಯಾಮಿಲಿ ರೂಮಿನಿಂದ ನಿಲುವು ಫ್ಯಾನು ಹೊತ್ತು ತಂದು, ಚಾಸಿಗೆ ಮುಖಮಾಡಿ ಮೂರನೆಯ ಸ್ಪೀಡಿನಲ್ಲಿ ಬಿಟ್ಟ. ತಂಪಾಯಿತು. ಆ ತಂಪಿನಲ್ಲಿ ಕೂತು ತುಕ್ಕು ತಿಂದ ಜಾಗವನ್ನೆಲ್ಲ ಕತ್ತರಿಸಿ, ಹೊಸ ತಗಡು ಕೂರಿಸಿ, ಎರಡು ದಿನ ಬೆಸುಗೆ ಹಾಕಿದ.

ಭಾನುವಾರ ಸಂಜೆ ಬೆಸುಗೆಯನ್ನು ಉಜ್ಜಲು ಗ್ರೈಂಡರ್ ಹಿಡಿದಾಗ ಒಳಗಿನದು ಕಾಣಿಸಿತು. ತೂತು, ಬರೀ ತೂತು. ಅಪ್ಪನ ಹೋಟೆಲಿನ ನೀರುದೋಸೆಯ ಹಾಗೆ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಡ್ಡದವನೊಬ್ಬ ವೀಡಿಯೋದಲ್ಲಿ ಹಿಂದಿಯಲ್ಲಿ ಕೂಗುತ್ತಿದ್ದ: ಕಡ್ಡಿಗೆ ಗಾಳಿ ನಡೆದೀತು, ಮಿಗ್‌ಗೆ ಫ್ಯಾನು ಮಾತ್ರ ಹಾಕಬೇಡಿ ಭಾಯಿ, ಗ್ಯಾಸು ಹಾರಿಹೋದರೆ ಕಬ್ಬಿಣ ಸ್ಪಂಜಾಗುತ್ತದೆ, ಎಲ್ಲ ಕತ್ತರಿಸಿ ಮತ್ತೆ ಮಾಡಿ.

ಎಲ್ಲ ಕತ್ತರಿಸಿ ಮತ್ತೆ ಮಾಡಬೇಕಿತ್ತು. ಆದರೆ ಮರುದಿನ ಗಾಡಿ ಪೂಜೆಯೆಂದು ಮುರಾರಿ ಹೋಟೆಲಿನ ಗಲ್ಲೆಗೆ ದುಡ್ಡು ಕೊಡಲು ಬಂದವರಿಗೆಲ್ಲ ಹೇಳಿಯಾಗಿತ್ತು. ಅನೀಶ ಗಾಡಿಯ ತಗ್ಗು ಮುಚ್ಚುವ ಲಾಂಬಿ ಪುಟ್ಟಿ ಕಲಸಿ ತೂತುಗಳಿಗೆ ಮೆತ್ತಿದ. ಒಣಗಿದ ಮೇಲೆ ಉಜ್ಜಿದ. ಅದರ ಮೇಲೆ ದಪ್ಪ ಕರಿ ಬಣ್ಣ ಬಳಿದ. ಎಷ್ಟು ಚಂದ ಬಂತೆಂದರೆ, ಒಂದು ಗಳಿಗೆ ಅವನೇ ನಂಬಿದ.

ಸೋಮವಾರ ಮುರಾರಿ ಗಾಡಿಯ ಮುಂದೆ ಕಾಯಿ ಒಡೆದರು. “ನಮ್ಮ ಅನೀಶನೇ ಮಾಡಿದ್ದು. ಕಂಪ್ಯೂಟರ್ ಮಾತ್ರ ಅಂತ ತಿಳ್ಕೊಂಡಿದ್ದೆ ನಾನು!” ಮಗನ ಬೆನ್ನ ಮೇಲೆ ಅವರ ಕೈ ಬಿತ್ತು, ಎಷ್ಟೋ ವರ್ಷಗಳ ನಂತರ. ಶಂಕ್ರೆಪ್ಪ ಬಗ್ಗಿ ಅಡಿಯನ್ನು ನೋಡಿ, ಬಣ್ಣದ ಮೇಲೆ ಕೈಯಾಡಿಸಿದ.

“ಭಾರಿ ಆಗೈತಿ ತಮ್ಮಾ. ಇನ್ನ ಹತ್ತ ವರ್ಷ ಚಿಂತಿ ಇಲ್ಲ.”

“ಸ್ವಲ್ಪ ಸಾವಕಾಶ ಓಡಿಸಿ ಕಾಕಾ,” ಎಂದ ಅನೀಶ. ಅಷ್ಟೇ. ಅವನ ಬಳಿ ಇದ್ದ ಪ್ರಾಮಾಣಿಕತೆಯೆಲ್ಲ ಆ ಒಂದು ಮಾತಿನಲ್ಲಿ ಖರ್ಚಾಯಿತು.

ಒಂಬತ್ತನೆಯ ದಿನ ಆಫೀಸಿಗೆ ಹೊರಟ ಅನೀಶ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸುವಾಗ ಫೋನು ಬಂತು. ಠಾಕುರ್ಲಿ ಹತ್ತಿರ ಕಮಾನು ಪಟ್ಟಿ ಚಾಸಿಯಿಂದ ಕಿತ್ತು ಬಂದು ಟೆಂಪೋ ಮಗ್ಗುಲಾಗಿತ್ತು. ತೆಂಗಿನಕಾಯಿಗಳು ರಸ್ತೆಯಿಡೀ ಉರುಳಿದ್ದವು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಶಂಕ್ರೆಪ್ಪನ ಎಡಗೈಯ ಮಣಿಕಟ್ಟು ಮುರಿದಿತ್ತು.

ಮಧ್ಯಾಹ್ನ ಶಂಕ್ರೆಪ್ಪ ಪ್ಲಾಸ್ಟರಿನ ಕೈಯಲ್ಲೇ ಗಲ್ಲೆಯ ಮುಂದೆ ಬಂದು ನಿಂತ. ಊಟದ ಹೊತ್ತು, ಮೇಜುಗಳೆಲ್ಲ ತುಂಬಿದ್ದವು. ಆಫೀಸಿಗೆ ಹೋಗದೆ ಮರಳಿದ್ದ ಅನೀಶ ಅಪ್ಪನ ಪಕ್ಕದಲ್ಲಿದ್ದ.

“ಎಷ್ಟು ಹೇರಿದ್ದೆ?” ಮುರಾರಿ ದನಿ ಏರಿಸಿದರು.

“ದಿನಾ ಹೇರೂವಷ್ಟ ರೀ ಸಾವ್ಕಾರ್ರ.”

“ಸುಳ್ಳು ಎಂತಕ್ಕೆ? ಹೊಸ ಬೆಸುಗೆ ಸುಮ್ಮನೆ ಕಿತ್ತು ಬರ್ತದಾ? ಎರಡು ಟ್ರಿಪ್ಪಿನದ್ದು ಒಂದೇ ಟ್ರಿಪ್ಪಿಗೆ ತುಂಬಿಸಿದ್ದೀ ನೀನು!”

ಶಂಕ್ರೆಪ್ಪ ಅನೀಶನನ್ನು ನೋಡಿದ. ಕೋಪವಿರಲಿಲ್ಲ ಆ ನೋಟದಲ್ಲಿ. ಮಾತಾಡಲು ಹೊರಟವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರಲ್ಲ, ಹಾಗೆ ಇತ್ತು. ಮುರಾರಿಯೂ ತಿರುಗಿದರು. ಊಟಕ್ಕೆ ಕೂತವರೂ ಇತ್ತ ನೋಡಿದರು.

“ಲೋಡ್... ಸ್ವಲ್ಪ ಜಾಸ್ತಿ ಇತ್ತೇನೋ,” ಎಂದ ಅನೀಶ.

ಶಂಕ್ರೆಪ್ಪ ತಲೆಯಾಡಿಸಿದ. ಯಾರೋ ಹೇಳಿದ ವಿಳಾಸ ಅರ್ಥವಾದವನಂತೆ. ಆಮೇಲೆ ಹೊರಟುಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ.

ಆ ವಾಕ್ಯ ಮಾತ್ರ ಹೋಗಲಿಲ್ಲ. ಹಲ್ಲುಜ್ಜುವಾಗ, ಲೋಕಲಿನ ನೂಕಾಟದಲ್ಲಿ, ಲಿಫ್ಟಿನ ಕನ್ನಡಿಯೆದುರು ಅದು ಬಂದು ನಿಲ್ಲುತ್ತಿತ್ತು. ಅದರಲ್ಲೂ ಕೊನೆಯ ಆ ‘ಏನೋ’. ಪೂರ್ತಿ ಸುಳ್ಳು ಹೇಳುವ ಧೈರ್ಯವೂ ತನಗಿರಲಿಲ್ಲವಲ್ಲ ಎಂದು ಅವನಿಗೆ ಅಸಹ್ಯವಾಗುತ್ತಿತ್ತು.

ಅವನು ಮತ್ತೆ ಶೆಡ್ಡಿಗೆ ಹೋದ. ಈ ಸಲ ಫ್ಯಾನಿಲ್ಲ. ಬೆವರು ಕಣ್ಣಿಗಿಳಿದು ಉರಿಯಿತು. ತುಂಡು ತಗಡುಗಳನ್ನು ಬೆಸೆದು, ವೈಸಿನ ದವಡೆಗೆ ಕಚ್ಚಿಸಿ, ಸುತ್ತಿಗೆಯಿಂದ ಬಡಿದು ಬಗ್ಗಿಸಿದ. ಮೊದಮೊದಲು ಬೆಸುಗೆ ಬಿಟ್ಟುಕೊಂಡಿತು. ಆರನೆಯ ವಾರ ಬೆಸುಗೆ ಗಟ್ಟಿ ನಿಂತು ತಗಡೇ ಬಗ್ಗಿತು. ಆಗ ಟೆಂಪೋದ ಹಳೆಯ ಬೆಸುಗೆಯನ್ನೆಲ್ಲ ಕತ್ತರಿಸಿ ತೆಗೆದು, ಚಾಸಿಯನ್ನು ಹೊಳೆಯುವ ಕಬ್ಬಿಣ ಕಾಣುವ ತನಕ ಉಜ್ಜಿ, ಹೊಸದಾಗಿ ಮಾಡಿದ. ಮುಗಿದ ದಿನ ತಂದೆಗೆ ಎಲ್ಲ ಹೇಳಿದ.

ಮುರಾರಿ ಎದ್ದು ಬಾಗಿಲು ಮುಚ್ಚಿ ಬಂದರು. “ಇದನ್ನು ಬೇರೆ ಯಾರಿಗಾದ್ರೂ ಹೇಳಿದ್ದೀಯಾ?”

“ಇಲ್ಲ.”

“ಹೇಳ್ಬೇಡ. ಶಂಕ್ರೆಪ್ಪನನ್ನು ಕರ್ಕೊಂಡು ಬಾ, ಸಾಕು.”

ಠಾಕುರ್ಲಿಯ ಗಲ್ಲಿಯ ಬಾಯಿಯಲ್ಲಿ ಟೆಂಪೋ ನಿಲ್ಲಿಸಿ ಅನೀಶ ಒಳಗೆ ನಡೆದ. ಶಂಕ್ರೆಪ್ಪನ ಹೆಂಡತಿ ಚಂದ್ರಬಾಯಿ ಬಾಗಿಲಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎದ್ದು ನೀರು ಕೊಟ್ಟಳು.

“ಬಿಲ್ಡಿಂಗಿನ ವಾಚಮನ್ ಆಗ್ಯಾರ್ರಿ ಈಗ. ಗಾಡಿ ಯಾರೂ ಕೊಡವಲ್ರು. ಮಾರ್ಕೆಟ್ಟಿನ್ಯಾಗ ‘ಓವರ್‌ಲೋಡ್ ಶಂಕ್ರ್ಯಾ’ ಅಂತ ಹೆಸರಿಟ್ಟಾರ.” ನಕ್ಕೇ ಹೇಳಿದಳು. ಅನೀಶ ಕುಡಿಯದೆ ಲೋಟವನ್ನು ಹೊಸ್ತಿಲ ಮೇಲಿಟ್ಟ.

ಶಂಕ್ರೆಪ್ಪ ಹೊರಗೆ ಬಂದ. ಪ್ಲಾಸ್ಟರು ಹೋಗಿತ್ತು, ಮಣಿಕಟ್ಟು ಬೇರೆ ಯಾರದೋ ಎಂಬಷ್ಟು ತೆಳ್ಳಗಾಗಿತ್ತು. ಗಲ್ಲಿಯ ಬಾಯಿಗೆ ನಡೆದು, ಟೆಂಪೋದಡಿ ಬಗ್ಗಿ, ಬೆತ್ತಲೆ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ.

“ಬಣ್ಣ ಹಚ್ಚಿಲ್ಲ?”

“ನೀವು ನೋಡ್ಲಿ ಅಂತ.”

“ಗಟ್ಟಿ ಐತಿ. ಬೇಷ್ ಕಲ್ತೀರಿ.”

ಅನೀಶನ ಎದೆ ಹಿಗ್ಗಿತು. ಮರುಕ್ಷಣವೇ ಆ ಹಿಗ್ಗಿಗೆ ಅವನಿಗೇ ನಾಚಿಕೆಯಾಯಿತು. ‘ಕಲ್ತೀರಿ.’ ಇಷ್ಟು ವರ್ಷ ‘ತಮ್ಮಾ, ನೀ’ ಎಂದವನು.

“ಕಾಕಾ, ಆವತ್ತು ಲೋಡ್ ಜಾಸ್ತಿ ಇರ್ಲಿಲ್ಲ. ತಪ್ಪು ನಂದು.”

“ಗೊತ್ತೈತ್ರಿ. ಮುರದ ಜಾಗಾ ಅಲ್ಲೇ ನೋಡೀನಿ. ಬಣ್ಣದ ಬುಡಕ ಲಾಂಬಿ ಇತ್ತು.”

“ಮತ್ತೆ ಪಪ್ಪಂಗೆ ಯಾಕೆ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾಯ್ದೆ.”

ಕಲ್ಯಾಣದ ಕಡೆ ಲೋಕಲೊಂದು ಹೋಯಿತು.

“ಪಪ್ಪಂಗೆ ಎಲ್ಲ ಹೇಳಿದ್ದೇನೆ ಕಾಕಾ. ನಾಳೆಯಿಂದ ಗಾಡಿ ಮತ್ತೆ ನಿಮ್ದೇ. ಬನ್ನಿ.”

“ಸಾವ್ಕಾರ್ರಿಗೆ ಹೇಳೀರಿ. ಆ ಊಟಕ್ಕ ಕುಂತ ಮಂದಿಗೆ? ಅಡಿಗಿ ಹುಡುಗರಿಗೆ? ಮಾರ್ಕೆಟ್ಟಿನವ್ರಿಗೆ?”

ಅನೀಶ ಬಾಯಿ ತೆರೆದ. ಅಪ್ಪನ ಮುಖ ಕಣ್ಣ ಮುಂದೆ ಬಂತು, ಸಟ್ಟುಗ ಹಿಡಿದು ನಕ್ಕ ದೋಸೆಯವನ ಮುಖ ಬಂತು. ಶಂಕ್ರೆಪ್ಪ ಕಾದ, ಗಲ್ಲೆಯ ಮುಂದೆ ಎಷ್ಟು ಹೊತ್ತು ಕಾದಿದ್ದನೋ ಅಷ್ಟೇ ಹೊತ್ತು.

“ಹೇಳ್ತೇನೆ,” ಎಂದ ಅನೀಶ ಕೊನೆಗೆ. ಡ್ರೈವರ್ ಸೀಟಿನ ಬಾಗಿಲು ತೆರೆದು ಹಿಡಿದ. “ಪಕ್ಕಾ ಹೇಳ್ತೇನೆ. ನೀವು ಮೊದಲು ಹತ್ತಿ ಕಾಕಾ.”

“ಒಲ್ಲೆ,” ಎಂದ ಶಂಕ್ರೆಪ್ಪ.