ಹೆಸರಿಲ್ಲದ ತುಂಡು

ಫಾರ್ಮಸಿ ಕಾಲೇಜಿನ ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕಗಳೆಲ್ಲ ಸಲೀಸಾಗಿ ತುಂಬಿದವು. ಕೊನೆಯ ಪುಟದ ಪ್ರಶ್ನೆಗೆ ಬಂದಾಗ ಅವಳ ಪೆನ್ನು ನಿಂತಿತು. ಈ ವೃತ್ತಿಯನ್ನು ಏಕೆ ಆರಿಸಿಕೊಂಡಿದ್ದೀರಿ? ಉತ್ತರಕ್ಕೆ ಹದಿನೈದು ಗೆರೆ ಬಿಟ್ಟಿದ್ದರು.

"ಸೇವೆ ಅಂತ ಬರಿ," ಎಂದ ಮಾವ, ಔಷಧದ ಪೆಟ್ಟಿಗೆ ಬಿಚ್ಚುತ್ತ. "ಎಲ್ರೂ ಅದನ್ನೇ ಬರೆಯೋದು. ಓದೋರಿಗೂ ಅದೇ ಅಭ್ಯಾಸ ಆಗಿರುತ್ತೆ."

ಔಷಧದಂಗಡಿ ಮಾವನದು, ಮಾವ ಅಮ್ಮನ ಸ್ವಂತ ತಮ್ಮ. ಅಪ್ಪ ಹೋದಮೇಲೆ ತಾಯಿ ಮಗಳಿಗೆ ಆಸರೆಯಾದವನು. ಆ ಋಣಕ್ಕೆ ಅವಳು ಆರು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದಳು. ಔಷಧ ಮಾರುವಲ್ಲಿ ಓದಿದ ಫಾರ್ಮಸಿಸ್ಟ್ ಒಬ್ಬರು ಇರಲೇಬೇಕೆಂದು ಕಾನೂನು. ಇದ್ದರು, ಗೋಡೆಯ ಮೇಲೆ. ಗಾಜಿನ ಚೌಕಟ್ಟಿನೊಳಗೆ ಅವರ ಪ್ರಮಾಣಪತ್ರ, ಮೂಲೆಯಲ್ಲಿ ದಪ್ಪ ಮೀಸೆಯ, ಎಡಹುಬ್ಬಿನ ಮೇಲೆ ಮಚ್ಚೆಯಿರುವ ಫೋಟೋ. ಆ ಮಹಾನುಭಾವರು ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಆದರೂ ದಿನಾ ಬೆಳಗ್ಗೆ ಹಳೇ ಪೇಪರಿನಿಂದ ಅವರ ಮುಖ ಒರೆಸುವುದೇ ಅವಳ ಮೊದಲ ಕೆಲಸ.

ಆಮೇಲೆ ತುಂಡು ಡಬ್ಬಿ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಸಾಕೆನ್ನುವವರಿಗೆ ಮಾವ ಹೆಸರಿರುವ ತುದಿಯನ್ನೇ ಕತ್ತರಿಸಿ ಕೊಡುತ್ತಿದ್ದ. ಹೆಸರು ಕಂಡರೆ ಗಿರಾಕಿ ತಕರಾರು ತೆಗೆಯುವುದಿಲ್ಲ. ಹೆಸರಿಲ್ಲದೆ ಉಳಿದ ಆರು ಮಾತ್ರೆಯ ತುಂಡು ಡಬ್ಬಿಗೆ. ಯಾವ ತುಂಡು ಯಾವುದೆಂದು ಬಣ್ಣ ನೋಡಿಯೇ ಹೇಳುವುದರಲ್ಲಿ ಅವಳದು ಎತ್ತಿದ ಕೈ. "ಓದಿದೋರು ಇವಳ ಕಾಲ ಕೆಳಗೆ ನುಸುಳ್ಬೇಕು," ಎಂದು ಮಾವ ಎಲ್ಲರೆದುರು ಹೊಗಳಿದಾಗ ಅವಳಿಗೂ ಎರಡು ಕೊಂಬು ಬರುತ್ತಿತ್ತು.

ಹೋದ ವರ್ಷ ಆ ಕೊಂಬು ಮುರಿಯಿತು. ಅಂಗಡಿ ಮುಚ್ಚುವ ಗಡಿಬಿಡಿಯಲ್ಲಿ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಯೆಂದು ಡಬ್ಬಿಯಿಂದ ಒಂದು ತುಂಡು ಎತ್ತಿಕೊಂಡಳು. ಅದೇ ಕಂಪನಿ, ಅದೇ ಬಣ್ಣ, ಅದೇ ಗಾತ್ರ. ಪ್ರಮಾಣ ಮಾತ್ರ ನಾಲ್ಕು ಪಟ್ಟು. ಮೂರನೇ ದಿನ ಅಮ್ಮ ಸಕ್ಕರೆ ತೀರಾ ಇಳಿದು ಬಚ್ಚಲಲ್ಲಿ ಬಿದ್ದಿದ್ದಳು. ಜೀವ ಉಳಿಯಿತು. ನಾಲಿಗೆ ತೊದಲಿತು, ಬಲಗೈ ಮತ್ತೆ ಏಳಲಿಲ್ಲ. ಅವಳು ಅಳುತ್ತ ಎಲ್ಲವನ್ನೂ ಹೇಳಿದಾಗ ಮಾವ ತುಂಡನ್ನು ಕಿತ್ತುಕೊಂಡು ಬಿಸಾಡಿದ. "ಬಾಯಿ ಬಿಟ್ಟೀಯ, ಜೋಕೆ. ಅಂಗಡಿ ಹೋದ್ರೆ ಮೂವರೂ ಬೀದಿಗೆ ಬೀಳ್ತೀವಿ." ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಹದಿನೈದು ಗೆರೆಗೆ ಅವಳಲ್ಲಿ ಉತ್ತರವಿತ್ತು. ಕೈಯಲ್ಲಿರುವುದೇನೆಂದು ತಿಳಿದು ಕೊಡುವವಳಾಗಬೇಕು. ಅದನ್ನೇ ಬೇರೆ ಹಾಳೆಯಲ್ಲಿ ಬರೆದು ನೋಡಿದಳು. ಮಾವ ಓದಿ, ಹರಿದು, ಕಸದ ಬುಟ್ಟಿಗೆ ಹಾಕಿದ. ಅರ್ಜಿಯಲ್ಲಿ ಸೇವೆ ಎಂದು ಬರೆದಳು.

ಫಾರ್ಮಸಿಸ್ಟರಿಂದ ಒಂದು ಪತ್ರವೂ ಬೇಕಿತ್ತು. ಎರಡೇ ದಿನದಲ್ಲಿ ಮಾವ ಸಹಿ ಹಾಕಿಸಿ ತಂದ. ನನ್ನ ನೇರ ಉಸ್ತುವಾರಿಯಲ್ಲಿ ಆರು ವರ್ಷ ಶ್ರದ್ಧೆಯಿಂದ ಕಲಿತಿದ್ದಾಳೆ, ಎಂದಿತ್ತು.

"ನೀನು ಪಾಸಾದ್ರೆ ಅವರ ಹಂಗು ತಪ್ಪುತ್ತೆ," ಎಂದ ಮಾವ ಖುಷಿಯಿಂದ. "ಗೋಡೆ ಮೇಲೆ ನಿನ್ನದನ್ನೇ ನೇತುಹಾಕೋಣ. ಆಮೇಲೆ ನೀನು ಎಲ್ಲಿದ್ರೂ ನಡೆಯುತ್ತೆ."

ಅವನು ತನ್ನನ್ನು ಓದಿಸಲು ಇಷ್ಟು ಓಡಾಡುತ್ತಿರುವುದು ಯಾಕೆಂದು ಅವಳಿಗೆ ಆಗ ಅರ್ಥವಾಯಿತು.

ಸಂದರ್ಶನದಲ್ಲಿ ಮೂವರು ಕೂತಿದ್ದರು. ನಡುವಿನವರ ತಲೆ ಬೋಳಾಗಿತ್ತು, ಮೀಸೆ ಇರಲಿಲ್ಲ, ಎಡಹುಬ್ಬಿನ ಮೇಲಿನ ಮಚ್ಚೆ ಇತ್ತು. ದಿನಾ ಒರೆಸಿದ ಮುಖ ಮರೆಯುವುದುಂಟೆ. ಆ ಕಾಲೇಜಿನ ಹಿರಿಯ ಅಧ್ಯಾಪಕರಂತೆ. ಅವರಿಗೆ ಅವಳ ಗುರುತಿರಲಿಲ್ಲ. ಓದದೆ ಸಹಿ ಹಾಕಿದ್ದ ಪತ್ರವನ್ನು ಈಗ ಕೊನೆಯವರೆಗೂ ಓದಿ, ತಮ್ಮ ಸಹಿಯನ್ನೇ ನೋಡಿ, ಉಳಿದ ಕಾಗದಗಳ ಅಡಿಗೆ ಮೆಲ್ಲಗೆ ತಳ್ಳಿದರು.

ಪಕ್ಕದಲ್ಲಿದ್ದ ಅಧ್ಯಾಪಕಿ ಕೇಳಿದರು. "ಅನುಭವ ಇದೆಯಲ್ಲಮ್ಮ. ನಿಮ್ಮ ಫಾರ್ಮಸಿಸ್ಟ್ ಜೊತೆಗಿದ್ದು ಕಲಿಸ್ತಾರಾ?"

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಸೀಟು ಹೋಗುತ್ತದೆ, ಅಂಗಡಿಯೂ ಹೋಗುತ್ತದೆ. ನಡುವಿನವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು.

"ದಿನಾ ಇರ್ತಾರೆ ಮೇಡಂ."

"ನಿಮ್ಮಿಂದ ಯಾವತ್ತಾದ್ರೂ ತಪ್ಪಾಗಿದೆಯಾ?"

"ಇಲ್ಲ ಮೇಡಂ."

"ಒಳ್ಳೆ ಹುಡುಗಿ," ಎಂದರು ನಡುವಿನವರು, ಉಸಿರು ಬಿಟ್ಟು. ಅಂಕದ ಹಾಳೆಯಲ್ಲಿ ಏನೋ ಬರೆದರು. ಸೀಟು ಸಿಕ್ಕಿತೆಂದು ಅವಳಿಗೆ ಅಲ್ಲೇ ತಿಳಿಯಿತು, ತನ್ನ ಮೇಲೆಯೇ ಹೇಸಿಗೆಯಾಯಿತು.

ಮನೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು.

"ಏನು... ಕೇಳಿದ್ರು?"

"ಯಾಕೆ ಇದನ್ನ ಓದ್ತೀಯ ಅಂತ."

"ಏನಂದೆ?"

"ಸೇವೆ ಅಂದೆ ಅಮ್ಮ."

ಅಮ್ಮ ಸೊಟ್ಟ ಬಾಯಲ್ಲೇ ನಕ್ಕಳು. ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಅವಳು ಕತ್ತರಿಸದ ಹೊಸ ಸ್ಟ್ರಿಪ್ ತೆಗೆದು ಹೆಸರು ಓದಿದಳು, ಪ್ರಮಾಣ ಓದಿದಳು, ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು.

"ಎಷ್ಟು ಸಲ... ನೋಡ್ತೀಯೇ," ಎಂದು ಅಮ್ಮ ಎಡಗೈ ಚಾಚಿದಳು. "ನೀನು ಕೊಡೋದು ತಾನೆ." ಅಂಗೈಯಲ್ಲಿ ಬಿದ್ದದ್ದನ್ನು ನೋಡದೆಯೇ ಬಾಯಿಗೆ ಹಾಕಿಕೊಂಡಳು.