ಯಹೂದಿಯ ಟೊಪ್ಪಿಗೆ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ದಾದಾಸಾಬ ನಲವತ್ತು ವರ್ಷದಿಂದ ಯಹೂದಿಯಾಗಿದ್ದ. ಅಂದರೆ ವರ್ಷಕ್ಕೆ ಹತ್ತು ಹನ್ನೆರಡು ಸಲ, ರಾಣೇಬೆನ್ನೂರಿನ ನಾಟಕ ಸಂಘದವರು ‘ಯಹೂದಿಯ ರತ್ನಪೆಟ್ಟಿಗೆ’ ಆಡಿದಾಗ. ಎಂದೋ ಯಾರೋ ಹೊರದೇಶದ ಹಳೇ ನಾಟಕವನ್ನು ಕನ್ನಡಕ್ಕೆ ತಂದದ್ದು. ಅದರಲ್ಲಿ ಯಹೂದಿ ಎಂದರೆ ಜಿಪುಣ, ಕಪಟಿ, ಡೊಂಕು ಮೂಗಿನವ. ಮೂರನೇ ಅಂಕದಲ್ಲಿ ನಾಯಕ ಅವನ ಟೊಪ್ಪಿಗೆ ಕಿತ್ತೊಗೆದು, ಅದನ್ನೂ ಅವನನ್ನೂ ಒದೆಯುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ನಮ್ಮ ಕಡೆ ಹಾಗೆ ಕೂಗಿದರೆ ಅದೇ ದೃಶ್ಯವನ್ನು ಇನ್ನೊಮ್ಮೆ ಮಾಡಲೇಬೇಕು, ಅದು ರಿವಾಜು. ಗುತ್ತಲದಲ್ಲಿ ಒಮ್ಮೆ ಏಳು ಸಲ ಒದೆಸಿಕೊಂಡದ್ದನ್ನು ದಾದಾಸಾಬ ಅಂಗಿ ಹೊಲಿಸಲು ಬಂದವರಿಗೆಲ್ಲ ಹೇಳುತ್ತಿದ್ದ. ಪಾಪ, ಅವನ ಪಾಲಿಗೆ ಅದೇ ಪದಕ.

ಆ ಟೊಪ್ಪಿಗೆ ಹೊಲಿದವನೂ ಅವನೇ. ಯಹೂದಿಯನ್ನು ಈ ಸೀಮೆಯಲ್ಲಿ ಕಂಡವರು ಯಾರು? ಸಂಘದ ಹಿರಿಯರು “ಏನರ ಒಂದು ಹೊಲಿಯಪಾ” ಎಂದಿದ್ದರು. ಅವನು ತನ್ನ ಅಪ್ಪನ ನಮಾಜಿನ ಟೊಪ್ಪಿಗೆಯ ಅಳತೆ ಹಿಡಿದು ಬಿಳಿ ಬಟ್ಟೆಯಲ್ಲಿ ಹೊಲಿದು, ಅಂಚಿಗೆ ಜರಿ ಹಚ್ಚಿದ. ಯಾರೂ ಏನೂ ಅನ್ನಲಿಲ್ಲ. ಅವನಿಗೂ ಏನೂ ಅನ್ನಿಸಲಿಲ್ಲ.

ಈ ವರ್ಷ ಯಾರೋ ತಾಲೀಮನ್ನು ಮೊಬೈಲಿನಲ್ಲಿ ಹಿಡಿದು, ಒದೆಯುವುದನ್ನಷ್ಟೇ ಕತ್ತರಿಸಿ ಹರಿಬಿಟ್ಟರು. ನಮಾಜಿನ ಟೊಪ್ಪಿಗೆ ಒದ್ದರೆಂದು ಅರ್ಧ ಜನ ಸಿಟ್ಟಾದರು, ಇನ್ನರ್ಧ ಜನ ಅದನ್ನೇ ನೋಡಿ ನೋಡಿ ನಕ್ಕರು. ಯಹೂದಿಯ ಸುದ್ದಿಯನ್ನು ಮಾತ್ರ ಎರಡೂ ಕಡೆಯವರು ಎತ್ತಲಿಲ್ಲ. ಹಾವೇರಿಯ ಆಟಕ್ಕೆ ಅನುಮತಿ ಕೊಡಬೇಕಾದ ಸಾಹೇಬರು ಸಂಘದವರನ್ನು ಕರೆಸಿ, “ಆ ಸೀನ್ ತಗೀರಿ, ಇಲ್ಲಾ ನಾಟಕಾನ ಬಿಡ್ರಿ” ಎಂದರು.

ನಿರ್ದೇಶಕಿ ರೋಹಿಣಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಅವಳು ಜಗ್ಗಲಿಲ್ಲ. “ತಗದ್ರ ನಾವು ಇಷ್ಟ ವರ್ಷ ಯಾರನ್ನ ನೋಡಿ ನಕ್ವಿ ಅನ್ನೋದು ಮುಚ್ಚಿ ಹೋಗ್ತೈತ್ರಿ ಸರ್. ಇಂಥಾ ನಾಟಕ ನೋಡಿ ನಕ್ಕ ದೇಶದಾಗ ಆಮ್ಯಾಲೆ ಯಹೂದಿಗಳ ಮನಿಗೆ ಬೆಂಕಿ ಹಚ್ಯಾರ.”

ಸಾಹೇಬರಿಗೆ ಇತಿಹಾಸ ಬೇಕಿರಲಿಲ್ಲ, ಗಲಾಟೆಯಿಲ್ಲದ ಒಂದು ಭಾನುವಾರ ಬೇಕಿತ್ತು. ಕೊನೆಗೆ ರಾಜಿಯಾಯಿತು. ದೃಶ್ಯ ಇರಲಿ, ಟೊಪ್ಪಿಗೆ ಬದಲಾಗಲಿ. ಗದ್ದಲ ಎದ್ದರೆ ಅಲ್ಲಿಗೇ ಪರದೆ ಇಳಿಸಬೇಕು.

ರೋಹಿಣಿ ಕೊಟ್ಟ ಚಿತ್ರ ನೋಡಿ ದಾದಾಸಾಬ ಹೊಸದನ್ನು ಹೊಲಿಯಲು ಕೂತ. ಹಳದಿ ಬಣ್ಣ, ಚೂಪು ತುದಿ. ಆ ದೇಶಗಳಲ್ಲಿ ಗುರುತು ಸಿಗಲೆಂದು ಯಹೂದಿಗಳ ತಲೆಗೆ ಬಲವಂತವಾಗಿ ಇಂಥದ್ದನ್ನು ಹಾಕಿಸುತ್ತಿದ್ದರಂತೆ. ಪಕ್ಕದಲ್ಲಿ ಮಗಳು ಕೈಸರ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅಪ್ಪನ ನಾಟಕವನ್ನು ಅವಳು ಒಂದು ದಿನವೂ ನೋಡಿದವಳಲ್ಲ.

“ಅಬ್ಬಾ, ಖರೇ ಹೇಳು. ಅವ್ರು ನಿನ್ನ ಪಾರ್ಟಿಗೆ ನಗ್ತಿದ್ರೋ, ನಮ್ಮ ಟೊಪಿಗಿ ಒದ್ದದ್ದಕ್ಕ ನಗ್ತಿದ್ರೋ?”

ದಾದಾಸಾಬನಿಗೆ ಮೈಯೆಲ್ಲ ಉರಿಯಿತು. “ಹುಚ್ಚಿ! ನಲವತ್ತು ವರ್ಷ ನನ್ನ ಪಾರ್ಟಿಗೆ ಚಪ್ಪಾಳಿ ಹೊಡದಾರ. ಬಂದು ನೋಡು, ಈ ಹಳದಿ ಟೊಪಿಗಿಗೂ ಒನ್ಸ್ ಮೋರ್ ಬರ್ತೈತಿ. ಬರಲಿಲ್ಲಂದ್ರ ಇನ್ನ ನಾ ಬಣ್ಣ ಹಚ್ಚೂದಿಲ್ಲ.”

ಹೇಳಿಬಿಟ್ಟ. ಆಮೇಲೆ ಸೂಜಿಗೆ ದಾರ ಪೋಣಿಸಲು ಮೂರು ಸಲ ತಪ್ಪಿದ.

ಭಾನುವಾರ ಮಧ್ಯಾಹ್ನ ಹಾವೇರಿಯ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಪೊಲೀಸರು. ಎರಡೂ ಗುಂಪಿನವರು ಆಚೀಚೆ ಕೂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಕೈಸರ ಮೂರನೇ ಸಾಲಿನಲ್ಲಿದ್ದಳು. ಹಳೇ ಟೊಪ್ಪಿಗೆಯನ್ನು ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗದೆ ದಾದಾಸಾಬ ವೇಷದ ಜುಬ್ಬದ ಕಿಸೆಯಲ್ಲಿಟ್ಟುಕೊಂಡಿದ್ದ.

ಮೂರನೇ ಅಂಕ ಬಂತು. ನಾಯಕನ ಪಾತ್ರದ ಕೊಟ್ರೇಶ, ಇಪ್ಪತ್ತು ವರ್ಷದಿಂದ ಒದ್ದು ಪಳಗಿದವ, ಹಳದಿ ಟೊಪ್ಪಿಗೆ ಕಿತ್ತು ಝಾಡಿಸಿ ಒದ್ದ. ದಾದಾಸಾಬ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಎಡವಿದ, ಮುಗ್ಗರಿಸಿದ, ಬೋಳುತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ತೆವಳಿದ.

ಯಾರೂ ನಗಲಿಲ್ಲ.

ಒಬ್ಬರು ಕೆಮ್ಮಿದರು. ಯಾರೋ ಶೇಂಗಾ ಒಡೆದದ್ದು ರಂಗದವರೆಗೆ ಕೇಳಿಸಿತು. ಈಗ ಬಂದೀತು, ಈಗ ಬಂದೀತು ಎಂದು ದಾದಾಸಾಬ ನೆಲದ ಮೇಲೆಯೇ ಕಾದ. ಅದೇ ಮೈ, ಅದೇ ಬೀಳುವಿಕೆ, ಅದೇ ಒದೆ. ಬದಲಾದದ್ದು ಒಂದೇ.

ಆಗ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಏ ದಾದಾ, ಹಳೇ ಟೊಪಿಗಿ ಹಾಕ್ಕೊಂಡು ಬಾರೋ! ಒನ್ಸ್ ಮೋರ್!”

ನಗೆ ಭುಗಿಲೆಂದಿತು. ಗುತ್ತಲದ ನಗೆ, ಅದೇ. ಸಿಳ್ಳೆ ಬಿದ್ದವು. ಇನ್ನೊಂದು ಕಡೆಯವರು ಕುರ್ಚಿ ದೂಡಿ ಎದ್ದರು, ಪೊಲೀಸರು ನಡುವೆ ನುಗ್ಗಿದರು. ರಂಗದ ಬದಿಯಲ್ಲಿದ್ದ ರೋಹಿಣಿ ಪರದೆಯ ಹಗ್ಗಕ್ಕೆ ಕೈ ಹಾಕಿದಳು. ದಾದಾಸಾಬ ಬೇಡವೆಂದು ಕೈ ಎತ್ತಿದ.

ಎದ್ದು, ಅಂಟಿಸಿದ್ದ ಡೊಂಕು ಮೂಗನ್ನು ಕಿತ್ತು ಕಿಸೆಗೆ ಹಾಕಿಕೊಂಡ. ಹಳೇ ಟೊಪ್ಪಿಗೆ ತೆಗೆದು, ಕೊಡವಿ, ತಲೆಗಿಟ್ಟುಕೊಂಡ. ನಗೆ ಇನ್ನೂ ಜೋರಾಯಿತು.

“ಇದು ಯಹೂದೀದಲ್ರಿ,” ಎಂದ ಜನರಿಗೆ. “ಇದು ನಮ್ಮಪ್ಪನ ತಲಿ ಅಳತಿ. ಒನ್ಸ್ ಮೋರ್ ಅಂದೀರಿ, ಮಾಡ್ತೇನಿ. ರಿವಾಜ ಐತಿ.” ಪಕ್ಕಕ್ಕೆ ತಿರುಗಿದ. “ಒದಿಯೋ ಕೊಟ್ರೇಶಾ.”

ಕೊಟ್ರೇಶ ಅವನ ಮುಖ ನೋಡಿದ. ಬಣ್ಣ ಕರಗಿ ಗಡ್ಡಕ್ಕೆ ಇಳಿಯುತ್ತಿತ್ತು. “ಕಾಕಾ, ನನ್ನ ಕೈಲೆ ಆಗಂಗಿಲ್ಲ,” ಎಂದ. ಮೆಲ್ಲಗೇ ಅಂದ, ಆದರೆ ಮೇಲಿನ ಮೈಕು ಅದನ್ನು ಕೊನೆಯ ಸಾಲಿಗೂ ಮುಟ್ಟಿಸಿತು. ನಗೆ ನಿಂತಿತು.

“ಹಳದೀದನ್ನ ಒದ್ದಿಯಲ್ಲೋ,” ಎಂದ ದಾದಾಸಾಬ. “ಅದರಾಗೂ ಯಾರದೋ ಅಪ್ಪನ ತಲಿ ಇತ್ತು.”

ಕೊಟ್ರೇಶ ಬಗ್ಗಿ, ದೀಪದ ಬುಡದಲ್ಲಿ ಬಿದ್ದಿದ್ದ ಹಳದಿ ಟೊಪ್ಪಿಗೆಯನ್ನು ಎತ್ತಿ, ತನ್ನ ಕಾಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಮೂರನೇ ಸಾಲಿನಲ್ಲಿ ಕೈಸರ ಮುಖ ಮುಚ್ಚಿಕೊಂಡಿದ್ದಳು. ತನ್ನ ಅನುಮಾನ ನಿಜವಾಯಿತಲ್ಲ ಎಂದು ಅವಳಿಗೆ ತಡೆಯಲಾರದ ಸಂಕಟ.